ಗುರುವಾರದ ಬಿಳಿ ಚಾ

ಚಾ ಕಂಪನಿಯ ಮಾಲೀಕರ ಮಗ ಹೃಷೀಕೇಶ ಬಾಗಿಲ ಹೊರಗೆ ಒಂದು ಕಾಲಿನ ಶೂ ಬಿಚ್ಚಿ ಇನ್ನೊಂದಕ್ಕೆ ಬಗ್ಗಿದಾಗ ಅವನ ಕಂಕುಳಲ್ಲಿದ್ದ ಎರಡು ತಗಡಿನ ಡಬ್ಬಿಗಳು ಜಟ್ಟೆಪ್ಪನ ಕಣ್ಣಿಗೆ ಬಿದ್ದವು. ಕಂಪನಿಯ ಸ್ಯಾಂಪಲ್ ಡಬ್ಬಿಗಳು. ಒಂದರ ಮುಚ್ಚಳದ ಮೇಲಿನ ನಂಬರು ಜಟ್ಟೆಪ್ಪನದೇ ಅಕ್ಷರ. ಇನ್ನೊಂದು ರುಚಿ ಕೋಣೆಯಲ್ಲಿ ಅವನ ಸಾಹೇಬರಾಗಿದ್ದ ಗುಣಪಾಲರದು. ಅವರ ಅಕ್ಷರದ ಡಬ್ಬಿಯನ್ನು ನೋಡುತ್ತಲೇ ಅವನಿಗೆ ಅದು ಯಾವ ದಿನದ್ದೆಂದು ತಿಳಿಯಿತು. ಹದಿನೈದು ವರ್ಷಗಳಲ್ಲಿ ನಂಬರು ಬರೆಯಲು ತಾನಿಲ್ಲದ ದಿನಗಳು ಬೆರಳೆಣಿಕೆಯಷ್ಟು. ಹೋದ ಗುರುವಾರ ಅವುಗಳಲ್ಲಿ ಒಂದು.

"ಲತೀಶ್ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದ ಹೃಷೀಕೇಶ.

"ಒಳಗೆ ಇದ್ದಾರೆ ಸಾಬ್."

ಗುಣಪಾಲರ ದೇಹ ಹಾಲ್‌ನಲ್ಲಿ ಗಾಜಿನ ಐಸ್ ಪೆಟ್ಟಿಗೆಯೊಳಗಿತ್ತು. ನಿನ್ನೆ ಸಂಜೆ ಕೆಲಸ ಬಿಟ್ಟು ಹೊರಟವರು ರಬಾಳೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಮತ್ತೆ ಏಳಲಿಲ್ಲ. ಅರುವತ್ತೊಂದು ವರ್ಷ. ಮಗಳು ಅಶ್ಮಿತಾ ಬೆಳಗಿನ ಐದಕ್ಕೇ ಪುಣೆಯಿಂದ ಹೊರಟಿದ್ದಳು, ಘಾಟಿಯಲ್ಲಿ ಯಾವುದೋ ಟ್ಯಾಂಕರ್ ಮಗುಚಿ ರಸ್ತೆ ಬಂದ್ ಆಗಿತ್ತು. ಅವಳು ಬಂದ ಕೂಡಲೇ ಎತ್ತುವುದೆಂದು ಹಿರಿಯರು ತೀರ್ಮಾನಿಸಿದ್ದರು. ಹೆಂಡತಿ ಜಯಲತಾ ಪೆಟ್ಟಿಗೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಅಳು ಮುಗಿದಿತ್ತೋ ಇನ್ನೂ ಶುರುವಾಗಿರಲಿಲ್ಲವೋ ಹೇಳುವಂತಿರಲಿಲ್ಲ.

ಹೃಷೀಕೇಶ ದೇಹಕ್ಕೆ ಕೈಮುಗಿದ. ಜಯಲತಾರಿಗೆ ಕೈಮುಗಿದ. ಆಮೇಲೆ ಮಗ ಲತೀಶನ ಮೊಣಕೈ ಮುಟ್ಟಿ ಹೊರಗೆ ಕರೆದ. ಇಬ್ಬರೂ ಲಿಫ್ಟಿನ ಪಕ್ಕದ ಮೆಟ್ಟಿಲಿಗೆ ಬಂದರು. ಬಂದವರ ಚಪ್ಪಲಿಗಳನ್ನು ಸರಿಸಿಡುವ ನೆಪದಲ್ಲಿ ಜಟ್ಟೆಪ್ಪ ಅಲ್ಲೇ ಉಳಿದ.

"ಇವತ್ತು ಕೇಳಬಾರದು, ಗೊತ್ತು," ಎಂದ ಹೃಷೀಕೇಶ. "ಆದರೆ ಸಂಜೆ ಐದಕ್ಕೆ ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಮುಚ್ಚುತ್ತಾರೆ. ಬಿಳಿ ಚಾ ಹೋಗುವುದಿದೆ. ಎರಡು ಲಾಟ್. ಎರಡಕ್ಕೂ ನಿಮ್ಮ ಅಪ್ಪನ ಸಹಿ."

"ಅದಕ್ಕೇನೀಗ?"

"ಗುರುವಾರ ಅವರು ಪಾಸ್ ಮಾಡಿದ ಲಾಟ್ ಮುಗ್ಗಲು ಹಿಡಿದಿದೆ. ಖರೀದಿ ಮಾಡುವವರ ಮನುಷ್ಯ ನಿನ್ನೆ ಪೆಟ್ಟಿಗೆ ತೆರೆದು ನನ್ನ ಮುಖಕ್ಕೇ ಹಿಡಿದ. ನನಗೂ ವಾಸನೆ ಬಂತು, ಚಾದ ಗಂಧಗಾಳಿ ಇಲ್ಲದ ನನಗೆ! ಮೂವತ್ತು ವರ್ಷ ಮೂಗಿನ ಮೇಲೆ ಬದುಕಿದ ಮನುಷ್ಯನಿಗೆ ಬರಲಿಲ್ಲವೇ? ಸಂಜೆ ಕರೆದು ಕೇಳಿದೆ. ಒಂದು ಮಾತೂ ಆಡಲಿಲ್ಲ. ಚೀಲ ತೆಗೆದುಕೊಂಡು ಹೊರಟುಬಿಟ್ಟರು."

ಲತೀಶ ಅವನನ್ನೇ ನೋಡಿದ. "ಹೊರಟರು. ಅಲ್ಲಿಂದ ಸೀದಾ ಸ್ಟೇಷನ್ನಿಗೆ."

ಹೃಷೀಕೇಶ ಕಣ್ಣು ತಪ್ಪಿಸಿದ. "ಮಾಲು ಕೊಟ್ಟವನ ಜೊತೆ ಅವರು ಸೇರಿಕೊಂಡಿದ್ದಾರೆ ಅಂತ ನಮ್ಮ ತಂದೆಗೆ ಸಂಶಯ. ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಇವರ ಹೆಸರೂ ಬರುತ್ತದೆ. ಶನಿವಾರದ ಲಾಟ್ ಲಾರಿಯಲ್ಲಿ ತುಂಬಿ ನಿಂತಿದೆ. ಅದು ಸರಿಯಿದೆಯೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ಅವರ ಸಹಿ ನಂಬಿ ಕಳಿಸಲೋ ಬೇಡವೋ? ನಿಮ್ಮ ಹತ್ತಿರ ಏನಾದರೂ ಹೇಳಿದ್ದರೇ?"

ಲತೀಶ ಎರಡೂ ಕೈಯಿಂದ ಅವನ ಅಂಗಿಯ ಎದೆ ಹಿಡಿದ. "ನಿಕಲ್. ಅಬೀ ಕೆ ಅಬೀ ನಿಕಲ್ ಯಹಾಂ ಸೆ."

ಡಬ್ಬಿಯೊಂದು ಉರುಳಿ ಮೆಟ್ಟಿಲಿಗೆ ಬಡಿದ ಸದ್ದಿಗೆ ಒಳಗಿನ ಮಾತುಗಳು ನಿಂತವು. ಜಟ್ಟೆಪ್ಪ ಇಬ್ಬರ ನಡುವೆ ನುಗ್ಗಿದ.

"ಬಿಡ್ರಿ ಲತೀಶಣ್ಣ. ಗುಣಪಾಲ ಸಾಹೇಬ್ರ ಮ್ಯಾಲೆ ಆ ಮಾತು ಬ್ಯಾಡ್ರಿ. ಅವರು ಯಾರ ಕೂಡಾನೂ ಸೇರಿಲ್ಲ." ಅವನು ಲತೀಶನ ಕೈ ಬಿಡಿಸಿದ. "ಅವರಿಗಿ ವಾಸನಿನೇ ಬರ್ತಿದ್ದಿಲ್ಲರಿ."

"ಕಾಯ್ ಮ್ಹಣತೋಯ್ ಹಾ?" ಇವನೇನು ಹೇಳುತ್ತಿದ್ದಾನೆ ಎಂದು ಹೃಷೀಕೇಶ ಮರಾಠಿಯಲ್ಲಿ ಕೇಳಿದ.

*

ಕಾರ್ಕಳದ ಕಡೆಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಬಂದ ಗುಣಪಾಲರು ಮೊದಲು ಕಳವಾ ಎಂಬಲ್ಲಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದರು. ಆಮೇಲೆ ಈ ಚಾ ಕಂಪನಿಯಲ್ಲಿ ಪೆಟ್ಟಿಗೆ ಹೊತ್ತರು. ಒಂದು ದಿನ ಹೃಷೀಕೇಶನ ಅಜ್ಜ ಗೋದಾಮಿಗೆ ಬಂದಿದ್ದಾಗ, "ಈ ಪೆಟ್ಟಿಗೆಯ ಹತ್ತಿರ ಯಾರೋ ಸೀಮೆಎಣ್ಣೆ ಇಟ್ಟಿದ್ದಾರೆ" ಎಂದು ಮುಚ್ಚಿದ ಪೆಟ್ಟಿಗೆಯೊಂದನ್ನು ತೋರಿಸಿದ್ದರಂತೆ. ತೆರೆದು ನೋಡಿದರೆ ನಿಜ. ಅಂದಿನಿಂದ ಅವರನ್ನು ರುಚಿ ಕೋಣೆಯಲ್ಲಿ ಕೂರಿಸಿದರು. ಅಷ್ಟೇ ಅವರ ಬದುಕಿನ ದೊಡ್ಡ ಘಟನೆ. ಬೆಳಿಗ್ಗೆ ಎಂಟೂವರೆಯ ಗಾಡಿ, ಸಂಜೆ ಆರರ ಗಾಡಿ, ನಡುವೆ ದಿನಕ್ಕೆ ನೂರು ನೂರೈವತ್ತು ಕಪ್. ಚಮಚದಲ್ಲಿ ತೆಗೆದು ಸುರ್ರೆಂದು ಎಳೆದುಕೊಳ್ಳುವುದು, ಉಗಿಯುವುದು, ಬರೆಯುವುದು.

ಕೊರೋನಾದ ಎರಡನೇ ವರ್ಷ ಅವರು ಕಾಯಿಲೆ ಬಿದ್ದು ಒಂದೂವರೆ ತಿಂಗಳ ಮೇಲೆ ಕೆಲಸಕ್ಕೆ ಮರಳಿದರು. ಆ ದಿನ ಜಟ್ಟೆಪ್ಪ ಅವಸರದಲ್ಲಿ ಒಂದು ಕಪ್ಪನ್ನು ಸರಿಯಾಗಿ ತೊಳೆದಿರಲಿಲ್ಲ. ಫಿನೈಲಿನ ವಾಸನೆ ಉಳಿದಿತ್ತು. ಗುಣಪಾಲರು ಅದನ್ನು ಬಾಯಿಗೆ ಎಳೆದುಕೊಂಡು, "ಬಣ್ಣ ಒಳ್ಳೆದುಂಟು, ಬರ್ಕೊ" ಎಂದರು. ಜಟ್ಟೆಪ್ಪ ಬರೆದುಕೊಳ್ಳಲಿಲ್ಲ. ಕಪ್ಪನ್ನೇ ನೋಡುತ್ತ ನಿಂತ. ಗುಣಪಾಲರು ಅವನ ಮುಖ ನೋಡಿದರು. ಎದ್ದು ಬಾಗಿಲು ಹಾಕಿದರು.

"ಎಷ್ಟು ದಿನ ಆತ್ರಿ?"

"ಐವತ್ತು ದಿನ. ಬರ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ." ಚಮಚ ಒರೆಸಿಟ್ಟರು. "ಮನೆಯಲ್ಲಿ ಗೊತ್ತಿಲ್ಲ. ನೀನು ಹೇಳ್ಬೇಡ."

ಬರಲಿಲ್ಲ. ಆದರೂ ಕಪ್ಪು ಚಾ ಅವರನ್ನು ಕೈಬಿಡಲಿಲ್ಲ. ಆ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗಿಟ್ಟು ಕೆಂಪಾಗಿಸಿ, ಬಿಸಿಯಲ್ಲಿ ಒಣಗಿಸಿರುತ್ತಾರೆ. ಅದರ ಗುಣ ಬಣ್ಣದಲ್ಲಿ ಕಾಣುತ್ತಿತ್ತು, ಬೆರಳಲ್ಲಿ ಮುರಿದಾಗ ತಿಳಿಯುತ್ತಿತ್ತು, ಬಾಯಿ ಹಿಡಿಯುವ ಒಗರಿನಲ್ಲಿ ಉಳಿಯುತ್ತಿತ್ತು. ಒಗರು ತಿಳಿಯಲು ಮೂಗು ಬೇಡ. ಮೂಗಿಗೆ ಬಿಟ್ಟ ಪಾಲನ್ನು ಜಟ್ಟೆಪ್ಪ ನೋಡಿಕೊಂಡ. ಹತ್ತು ಹನ್ನೆರಡು ವರ್ಷ ಅವರ ಉಳಿದ ಕಪ್ಪುಗಳನ್ನು ಕುಡಿದು ಕುಡಿದು ಅವನ ನಾಲಗೆ ತಾನಾಗಿ ಕಲಿತಿತ್ತು. ಈಗ ಅವರು ಪಕ್ಕದಲ್ಲಿ ಕೂರಿಸಿ ಕಲಿಸಿದರು. ಅವನು ಹೇಳುತ್ತಿದ್ದ, ಅವರು ಪ್ರಶ್ನೆ ಕೇಳಿ ಕೇಳಿ ಖಾತ್ರಿ ಮಾಡಿಕೊಂಡು ಸಹಿ ಹಾಕುತ್ತಿದ್ದರು.

ಒಂದೂವರೆ ವರ್ಷದ ಹಿಂದೆ ಹೃಷೀಕೇಶ ಹೊಸ ವ್ಯಾಪಾರ ಶುರುಮಾಡಿದ. ಬಿಳಿ ಚಾ ಎಂದಾಗ ಜಟ್ಟೆಪ್ಪ ಹಾಲು ಹಾಕಿದ್ದೆಂದೇ ತಿಳಿದಿದ್ದ. ಗುಣಪಾಲರು ಮೊದಲ ಸ್ಯಾಂಪಲನ್ನು ಅಂಗೈಯಲ್ಲಿ ಸುರಿದು ತೋರಿಸಿದರು. ಎಳೆಯ ಕುಡಿಗಳು, ಮೇಲೆಲ್ಲ ಬಿಳಿ ನವಿರು.

"ಗಿಡ ಅದೇ ಮಾರಾಯ. ಇದನ್ನು ಹೊಸಕುದಿಲ್ಲ, ಕೆಂಪು ಮಾಡುದಿಲ್ಲ. ಚಿವುಟಿ, ಬಾಡಿಸಿ, ಒಣಗಿಸುದು. ಅಷ್ಟೇ."

ನೀರನ್ನು ಕುದಿಯಲು ಬಿಡಬಾರದು, ಹೆಚ್ಚು ಹೊತ್ತು ಇಡಬೇಕು ಎಂದು ಹೇಳಿಕೊಟ್ಟರು. ಕಪ್ಪಿಗೆ ಬಗ್ಗಿಸಿದಾಗ ಒಣಹುಲ್ಲಿನ ಬಣ್ಣದ ನೀರು. ಅವರು ಕುಡಿದರು. ಇನ್ನೊಮ್ಮೆ ಕುಡಿದರು. ಚಮಚ ಕೆಳಗಿಟ್ಟರು.

"ಬರೀ ಬಿಸಿನೀರು, ಜಟ್ಟೆಪ್ಪ. ಒಗರಿಲ್ಲ, ಬಣ್ಣ ಇಲ್ಲ. ಇದರಲ್ಲಿ ಇರುದೆಲ್ಲ ಮೂಗಿಗೇ." ಅವರ ದನಿ ಇಳಿದಿತ್ತು. "ನಿನಗೆ ಎಂತ ಬರ್ತದೆ, ಹೇಳು."

ಜಟ್ಟೆಪ್ಪ ಕಣ್ಣು ಮುಚ್ಚಿ ಕುಡಿದ. "ಕಬ್ಬಿನ ಗದ್ದಿ ದಂಡ್ಯಾಗ ಮುಂಜಾನಿ ನಿಂತಂಗ ಆಕ್ಕೈತ್ರಿ. ಆಮ್ಯಾಲೆ ಒಂಚೂರು ಸೌತಿಕಾಯಿ."

ಅವನು ಹೇಳುವಾಗ ಗುಣಪಾಲರು ಬಾಯಿ ತುಸು ತೆರೆದು, ಅದನ್ನು ತಾವೇ ಕುಡಿಯುತ್ತಿರುವವರಂತೆ ಕೇಳಿದ್ದರು.

*

ಜಟ್ಟೆಪ್ಪ ಎಲ್ಲವನ್ನೂ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿ ಮುಗಿಸಿದಾಗ ಹೃಷೀಕೇಶ ನಕ್ಕುಬಿಟ್ಟ. ಸಾವಿನ ಮನೆಯೆಂದು ನೆನಪಾಗಿ ತಕ್ಷಣ ಬಾಯಿ ಮುಚ್ಚಿಕೊಂಡ. "ಕಪ್ ತೊಳೆಯುವವನು ನೀನು. ನೀನು ನನ್ನ ಎಕ್ಸ್‌ಪೋರ್ಟ್ ಮಾಲು ಪಾಸ್ ಮಾಡಿದೆಯಾ?"

"ಸಹಿ ಅವರದು ಸಾಬ್. ನಾಲಗೆ ನನ್ನದು. ಗುರುವಾರ ನಾನು ಇರಲಿಲ್ಲ. ಹೆಂಡತಿಯ ಆಪರೇಶನ್ ಇತ್ತು. ನಾನು ಬರುವವರೆಗೆ ಆ ಲಾಟ್ ಮುಟ್ಟುವುದಿಲ್ಲ ಎಂದಿದ್ದರು." ಜಟ್ಟೆಪ್ಪ ತಡೆದ. "ನಾಳೆ ನೋಡ್ತೇನೆ ಅಂತ ನಿಮಗೂ ಹೇಳಿದ್ದರಲ್ಲ?"

ಹೃಷೀಕೇಶನಿಗೆ ಅದು ನೆನಪಿತ್ತು. ಅಂದು ಅವನು ರುಚಿ ಕೋಣೆಯ ಬಾಗಿಲಲ್ಲಿ ಗಡಿಯಾರ ತೋರಿಸಿ, ಒಂದು ಕಪ್ ಕುಡಿಯಲು ಎಷ್ಟು ದಿನ ಬೇಕು ಎಂದು ಕೇಳಿದ್ದ. ಗುಣಪಾಲರು ಪೆನ್ನು ಎತ್ತಿಕೊಂಡಿದ್ದರು.

"ಸುಳ್ಳು," ಎಂದ ಲತೀಶ. ಅವನ ಸಿಟ್ಟು ಈಗ ಜಟ್ಟೆಪ್ಪನ ಕಡೆ ತಿರುಗಿತ್ತು. "ಮೂರು ವರ್ಷ ನಮ್ಮ ಜೊತೆ ಊಟ ಮಾಡಿದ್ದಾರೆ ಪಪ್ಪ. ನಮಗೆ ಗೊತ್ತಾಗ್ಲಿಲ್ಲ, ನಿಂಗೆ ಗೊತ್ತಾಯ್ತಾ? ಗುರುವಾರ ಏನೋ ಗಡ್‌ಬಡ್ ಮಾಡಿ ಈಗ ಸತ್ತವರ ಮೇಲೆ ಹಾಕ್ತಿದ್ದೀಯ." ಅವನು ಜಟ್ಟೆಪ್ಪನ ಹೆಗಲಿಗೆ ಜೋರಾಗಿ ತಳ್ಳಿದ. ಜಟ್ಟೆಪ್ಪ ಗೋಡೆಗೆ ಬಡಿದು ನಿಂತ.

"ಲತೀಶಾ."

ಜಯಲತಾ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಎದುರುಮನೆಯ ಮುಕ್ತಾ, ಬೀಳಬಹುದೆಂಬಂತೆ ಅವರ ತೋಳು ಹಿಡಿದುಕೊಂಡಿದ್ದರು.

"ನೀನು ಹೇಳಿದ್ದು ಇನ್ನೊಮ್ಮೆ ಹೇಳು, ಜಟ್ಟೆಪ್ಪ. ಅವರಿಗೆ ಎಂತ ಬರ್ತಿರ್ಲಿಲ್ಲ?"

"ವಾಸನಿರಿ, ಅಕ್ಕಾರ. ಆ ಕಾಯಿಲಿ ಆದಾಗಿಂದ."

"ಯಾವ ವಾಸನೆಯೂ?"

"ಯಾವುದೂ ಇಲ್ಲರಿ."

ಜಯಲತಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಹಾಗಾದ್ರೆ ಗ್ಯಾಸು..." ಎಂದರು. ಯಾರಿಗೂ ಅರ್ಥವಾಗಲಿಲ್ಲ. ಅವರು ಮಗನ ಕಡೆ ತಿರುಗಿದರು. "ನಿಂಗೆ ನೆನಪುಂಟಾ? ಎರಡು ವರ್ಷದ ಹಿಂದೆ. ನಾನು ಮಾರ್ಕೆಟ್‌ಗೆ ಹೋಗಿದ್ದೆ. ಸ್ಟವ್ ಆರಿ ಗ್ಯಾಸು ಮನೆ ತುಂಬ ತುಂಬಿತ್ತು. ಲಿಫ್ಟಿಂದ ಹೊರಗೆ ಕಾಲಿಡುವಾಗ ನನಗೆ ವಾಸನೆ ಬಂತು. ಒಳಗೆ ಬಂದ್ರೆ ಇವರು ಅಡುಗೆಮನೆಯ ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇದ್ದಾರೆ."

"ಮಮ್ಮಿ, ಈಗ ಅದೆಲ್ಲ..."

"ನಾನು ಎಂತೆಲ್ಲ ಹೇಳಿದೆ ಅವರಿಗೆ! ಕಂಪನಿಯ ಚಾಕ್ಕೆ ಮಾತ್ರ ಮೂಗುಂಟು, ಹೆಂಡತಿ ಸುಟ್ಟುಹೋದ್ರೆ ಗೊತ್ತಾಗುದಿಲ್ಲ ಅಂತ. ಒಂದು ತಿಂಗಳು ಸರಿ ಮಾತಾಡ್ಲಿಲ್ಲ ನಾನು. ಅವರ ಮೂಗಿಗಾಗಿ ಮೂವತ್ತು ವರ್ಷ ಮನೆಯಲ್ಲಿ ಬೆಳ್ಳುಳ್ಳಿ ಹಾಕ್ಲಿಲ್ಲ, ತಲೆಗೆ ಮಲ್ಲಿಗೆ ಮುಡೀಲಿಲ್ಲ, ಅದನ್ನೂ ಎತ್ತಿ ಆಡಿದೆ." ಅವರ ದನಿ ಏರಲಿಲ್ಲ. "ಲಕ್ಷ್ಯ ಇರ್ಲಿಲ್ಲ, ತಪ್ಪಾಯ್ತು, ಅಂದ್ರು. ಅಷ್ಟೇ ಅಂದ್ರು."

ಲತೀಶ ತಾಯಿಯ ಮುಖವನ್ನೂ ಜಟ್ಟೆಪ್ಪನ ಮುಖವನ್ನೂ ನೋಡಿದ.

"ಇವನು ಸುಳ್ಳು ಹೇಳುದಿಲ್ಲ," ಎಂದರು ಜಯಲತಾ. ಆಮೇಲೆ ಹೃಷೀಕೇಶನಿಗೆ ತಮ್ಮ ಹರಕು ಹಿಂದಿಯಲ್ಲಿ, "ನಿಮಗೆ ನಂಬಿಕೆ ಇಲ್ಲ. ನನ್ನ ಗಂಡ ಕಳ್ಳ ಅಂತ ಹೆಸರು ಹೊತ್ಕೊಂಡು ಹೋಗ್ಬಾರ್ದು. ಡಬ್ಬಿ ತಂದಿದ್ದೀರಲ್ಲ? ಇವನ ಕೈಗೆ ಕೊಡಿ. ಅಶ್ಮಿತಾ ಬರುವ ಮುಂಚೆ ನೋಡಿಬಿಡಿ," ಎಂದರು. ಮುಕ್ತಾರ ಕಡೆ ತಿರುಗಿ, "ನಮ್ಮಲ್ಲಿ ಒಲೆ ಹಚ್ಚುವ ಹಾಗಿಲ್ಲ. ನಿಮ್ಮಲ್ಲಿ ಸ್ವಲ್ಪ ನೀರು ಕಾಯಿಸಿ ಕೊಡ್ತೀರಾ?" ಎಂದು ಕೇಳಿದರು.

*

ಮುಕ್ತಾರ ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವಷ್ಟು ಜಾಗ. ಹೃಷೀಕೇಶ, ಲತೀಶ ಇಬ್ಬರೂ ಒಳಗೆ ಬಂದಿದ್ದರು. ಮುಕ್ತಾರ ಗಂಡ ವಿಷ್ಣುಮೂರ್ತಿ ಬಾಗಿಲಿಗೆ ಅಡ್ಡ ನಿಂತರು. ತಳದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತಲೇ ಜಟ್ಟೆಪ್ಪ ನೀರನ್ನು ಇಳಿಸಿದ.

"ಆ ಕಡೆ ತಿರುಗು," ಎಂದ ಹೃಷೀಕೇಶ.

ಜಟ್ಟೆಪ್ಪ ಗೋಡೆಗೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಮುಚ್ಚಳ ತೆರೆಯುವ, ಎಲೆ ಬೀಳುವ, ನೀರು ಸುರಿಯುವ ಸದ್ದು. ಆಗಲೇ ಅವನಿಗೆ ತಿಳಿದದ್ದು, ತನ್ನ ಮೂಗು ಕಟ್ಟಿದೆ ಎಂದು. ನಿನ್ನೆ ಸುದ್ದಿ ತಿಳಿದಾಗಿನಿಂದ ಅತ್ತಿದ್ದ. ಬೆಳಿಗ್ಗೆ ದೇಹ ನೋಡಿ ಮತ್ತೆ ಅತ್ತಿದ್ದ. ಉಸಿರೆಳೆದು ನೋಡಿದ. ಗೋಡೆಯ ಮೇಲಿನ ಎಣ್ಣೆಯ ಪಸೆಯೂ ಮೂಗಿಗೆ ಸಿಗಲಿಲ್ಲ.

"ಆಯ್ತು. ಬಾ."

ಅಡುಗೆ ಕಟ್ಟೆಯ ಮೇಲೆ ಮೂರು ಸ್ಟೀಲ್ ಲೋಟ. ಎರಡು ಡಬ್ಬಿಗೆ ಮೂರು ಲೋಟ ಯಾಕೆಂದು ಅವನು ಕೇಳಲಿಲ್ಲ. ಮೊದಲನೆಯದನ್ನು ಎತ್ತಿ ಚಮಚದಿಂದ ಎಳೆದುಕೊಂಡ. ಬಿಸಿ. ಬಿಸಿ ಬಿಟ್ಟರೆ ಏನೂ ಇಲ್ಲ. ಬರೀ ಬಿಸಿನೀರು. ಸಾಹೇಬರು ಒಂದೂವರೆ ವರ್ಷ ಇದನ್ನೇ ಕುಡಿದರೇ ಎಂದುಕೊಂಡ. ಚಮಚ ಕೆಳಗಿಟ್ಟ.

"ಏನು?" ಎಂದ ಹೃಷೀಕೇಶ.

"ಐದು ನಿಮಿಷ ಕೊಡಿ ಸಾಬ್."

"ನಾನು ಆಗಲೇ ಹೇಳಿದೆ," ಎಂದು ಹೃಷೀಕೇಶ ಫೋನು ತೆಗೆದ.

"ಕೊಡಿ ಐದು ನಿಮಿಷ," ಎಂದ ಲತೀಶ. ಅವನು ಜಟ್ಟೆಪ್ಪನನ್ನು ನೋಡಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಹೃಷೀಕೇಶನ ದಾರಿಗೆ ಅಡ್ಡ ನಿಂತ.

ಜಟ್ಟೆಪ್ಪ ಸಿಂಕಿಗೆ ಬಗ್ಗಿ ಮೂಗಿಗೆ ತಣ್ಣೀರು ಎಳೆದುಕೊಂಡ. ಸೀನಿದ. ಮತ್ತೆ ಎಳೆದುಕೊಂಡ, ಮತ್ತೆ ಸೀನಿದ, ಕಣ್ಣುಗಳಲ್ಲಿ ನೀರು ಉಕ್ಕಿತು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಸರಿದ ಸದ್ದಾಯಿತು. ಓಡುವ ಹೆಜ್ಜೆಗಳು. ಎದುರುಮನೆಯಿಂದ ಅಶ್ಮಿತಾಳ ಕೂಗು ಎದ್ದಿತು, "ಪಪ್ಪಾ!" ಅದರ ಹಿಂದೆಯೇ ಬೆಳಗಿನಿಂದ ತಡೆದು ಕೂತಿದ್ದ ಜಯಲತಾರ ಅಳು. ಲತೀಶನ ಗಲ್ಲ ಅದುರಿತು. ಜಟ್ಟೆಪ್ಪ ಹಲ್ಲು ಕಚ್ಚಿ ನಿಂತ. ಈಗ ಅತ್ತರೆ ಮುಗಿಯಿತು. ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಆ ಟಾವೆಲ್ಲಿನಲ್ಲಿ ಸಾಬೂನು, ಅದರಡಿಯಲ್ಲಿ ತೆಂಗಿನೆಣ್ಣೆ, ಅರಿಸಿನ. ಒಂದು ಹೊಳ್ಳೆ ಬಿಟ್ಟಿತ್ತು.

ಮೊದಲನೆಯದನ್ನು ಮತ್ತೆ ಕುಡಿದ. ಎರಡನೆಯದು. ಅದನ್ನು ಎರಡು ಸಲ. ಮೂರನೆಯದು. ಪ್ರತಿ ಸಲವೂ ಸಿಂಕಿಗೆ ಉಗುಳಿದ. ಆಮೇಲೆ ನಡುವಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತ.

"ಮೊದಲನೆಯದು, ಮೂರನೆಯದು ಒಂದೇ ಮಾಲು. ಶನಿವಾರದ್ದು. ಚೆನ್ನಾಗಿದೆ, ಹೋಗಲಿ," ಎಂದ ಹಿಂದಿಯಲ್ಲಿ. "ನಡುವಿನದರಲ್ಲೂ ಶನಿವಾರದ್ದೇ ಇದೆ. ಅದರೊಳಗೆ ಒಂದು ಚಿಟಿಕೆ ಗುರುವಾರದ್ದು ಸೇರಿಸಿದ್ದೀರಿ ಸಾಬ್. ಹಸಿ ಗೋಡೆಗೆ ತಾಗಿಸಿಟ್ಟ ಗೋಣಿಯ ವಾಸನೆ. ತುಂಬಾ ಸ್ವಲ್ಪ."

ಹೃಷೀಕೇಶ ಮೂರೂ ಲೋಟಗಳನ್ನು ನೋಡಿದ. ನಡುವಿನದನ್ನು ತಾನೇ ಎತ್ತಿ ಮೂಸಿದ, ಕುಡಿದ, ಮತ್ತೆ ಮೂಸಿದ. ಅವನಿಗೆ ಏನೂ ಸಿಗಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

"ಒಂದೇ ಚಿಟಿಕೆ ಹಾಕಿದ್ದೆ," ಎಂದ ಕೊನೆಗೆ.

ಅವನು ಕಿಟಕಿಯ ಹತ್ತಿರ ಹೋಗಿ ಫೋನು ಮಾಡಿದ. ಗಾಡಿ ಬಿಡಿ ಎಂದ. ಗುರುವಾರದ ಮಾಲನ್ನು ಕೊಟ್ಟವನಿಗೇ ವಾಪಸು ಕಳಿಸಿ ಎಂದ. ಕಂಪ್ಲೇಂಟ್ ಬೇಡ, ಗುಣಪಾಲ್‌ಜೀಯ ಹೆಸರು ಎಲ್ಲಿಯೂ ಬರಬಾರದು ಎಂದ. ಫೋನು ಇಟ್ಟಮೇಲೆ ಜಟ್ಟೆಪ್ಪನ ಮುಂದೆ ಬಂದು ನಿಂತ.

"ಆದರೆ ಈ ಸಂಗತಿ ಹೊರಗೆ ಹೋದರೆ ನಮ್ಮ ಮಾಲು ಯಾರೂ ಮುಟ್ಟುವುದಿಲ್ಲ. ನೀನು ಇನ್ನು ಆ ಕೋಣೆಗೆ ಬರುವ ಹಾಗಿಲ್ಲ. ಗೋದಾಮಿನಲ್ಲಿ ಕೆಲಸವಿದೆ. ಬೇಕಾದರೆ ಅಲ್ಲಿ ಮಾಡು."

"ಗೊತ್ತಿತ್ತು ಸಾಬ್," ಎಂದ ಜಟ್ಟೆಪ್ಪ. ಪ್ಯಾಂಟಿನ ಜೇಬಿನಿಂದ ರುಚಿ ಕೋಣೆಯ ಬೀಗದ ಕೈ ತೆಗೆದು ಲೋಟಗಳ ಪಕ್ಕದಲ್ಲಿಟ್ಟ.

"ಸಾಬ್," ಎಂದು ಲತೀಶ ಬಾಯಿ ತೆರೆದ. ಜಟ್ಟೆಪ್ಪ ಬೇಡವೆಂದು ತಲೆಯಾಡಿಸಿದ. ವಿಷ್ಣುಮೂರ್ತಿ ಬಾಗಿಲು ಬಿಟ್ಟು ಸರಿದರು. ಹೃಷೀಕೇಶ ಶೂಗಳನ್ನು ಕೈಯಲ್ಲೇ ಹಿಡಿದು ಲಿಫ್ಟಿನೊಳಕ್ಕೆ ಹೋದ.

*

ಮಧ್ಯಾಹ್ನ ಒಂದೂವರೆಗೆ ಎತ್ತಿದರು. ಚಟ್ಟ ಲಿಫ್ಟಿನಲ್ಲಿ ಹಿಡಿಸಲಿಲ್ಲ. ನಾಲ್ಕು ಮಹಡಿ ಮೆಟ್ಟಿಲಿನಲ್ಲೇ ಇಳಿಸಬೇಕಾಯಿತು. ತಿರುವುಗಳಲ್ಲಿ ಚಟ್ಟ ಓರೆಯಾಗುವಾಗ ಹಿಂದಿನಿಂದ ಯಾರೋ "ಹುಷಾರು, ಹುಷಾರು" ಎನ್ನುತ್ತಿದ್ದರು. ಎರಡನೇ ಮಹಡಿಯಲ್ಲಿ ಲತೀಶ ತನ್ನ ಹಿಂದಿದ್ದ ಚಿಕ್ಕಪ್ಪನಿಗೆ ತುಳುವಿನಲ್ಲಿ ಏನೋ ಹೇಳಿದ. ಚಿಕ್ಕಪ್ಪ ಹೆಗಲು ಬಿಟ್ಟರು. "ಜಟ್ಟೆಪ್ಪ, ಇಲ್ಲಿಗೆ ಬಾ," ಎಂದ ಲತೀಶ. ಉಳಿದ ಎರಡು ಮಹಡಿಗಳನ್ನು ಜಟ್ಟೆಪ್ಪ ಅವನ ಬೆನ್ನನ್ನೇ ನೋಡುತ್ತ ಇಳಿದ.

ಐರೋಲಿಯ ಸ್ಮಶಾನದಲ್ಲಿ ಕಟ್ಟಿಗೆ ಅರ್ಧ ಹಸಿಯಾಗಿತ್ತು. ಬೆಂಕಿ ಹಿಡಿಯುವ ಮೊದಲು ಹೊಗೆಯೇ ಎದ್ದಿತು. ಖಾಡಿಯ ಉಪ್ಪು ಹಿನ್ನೀರಿನ ಕಡೆಯಿಂದ ಬೀಸಿದ ಗಾಳಿಗೆ ಅದು ಒಮ್ಮೆಲೇ ಜನರತ್ತ ತಿರುಗಿತು. ಎಲ್ಲರೂ ಕೆಮ್ಮುತ್ತ ಕರ್ಚೀಫು ಮುಖಕ್ಕೆ ಒತ್ತಿಕೊಂಡು ಶೆಡ್ಡಿನ ಆಚೆ ಬದಿಗೆ ಸರಿದರು. ಲತೀಶನನ್ನೂ ಯಾರೋ ತೋಳು ಹಿಡಿದು ಕರೆದೊಯ್ದರು.

ಜಟ್ಟೆಪ್ಪ ನಿಂತಲ್ಲೇ ನಿಂತಿದ್ದ. ಮೂಗು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಬಾಯಿ ತುಸು ತೆರೆದು, ಉಸಿರನ್ನು ಒಳಗೆಳೆದು, ಹಿಡಿದು, ನಿಧಾನವಾಗಿ ಬಿಡುತ್ತಿದ್ದ. ಮುಚ್ಚಿದ ಕಣ್ಣುಗಳಿಂದ ನೀರು ಒಂದೇ ಸಮ ಇಳಿಯುತ್ತಿತ್ತು. ಇಳಿಯಲಿ ಎಂದು ಬಿಟ್ಟಿದ್ದ.

ಲತೀಶ ತೋಳು ಬಿಡಿಸಿಕೊಂಡು ಬಂದ. ಕರ್ಚೀಫನ್ನು ಮುಖದಿಂದ ತೆಗೆದು ಅವನ ಪಕ್ಕದಲ್ಲಿ ನಿಂತ.

"ಎಂತ ಬರ್ತದೆ, ಜಟ್ಟೆಪ್ಪ?" ಎಂದು ಕೇಳಿದ.

"ಮಾವಿನ ಕಟಿಗಿ," ಎಂದ ಜಟ್ಟೆಪ್ಪ ಕಣ್ಣು ತೆರೆಯದೆ. "ತುಪ್ಪ. ಖಾಡಿಯ ಕೆಸರು." ಇನ್ನೊಮ್ಮೆ ಉಸಿರೆಳೆದ. "ನಿಲ್ರಿ. ಇನ್ನೂ ಏನೋ ಐತಿ."

ಹೊಗೆಯಲ್ಲಿ ಇಬ್ಬರೂ ಮಸುಕಾಗಿ ಕಾಣುತ್ತಿದ್ದರು. ಲತೀಶ ಕಣ್ಣು ಮುಚ್ಚಿ, ಬಾಯಿ ತೆರೆದು, ಕಾಯುತ್ತ ನಿಂತ.